ಟೀವಿಯ ಹಿಂದೆ ನಿಂತವನು

ಸುತ್ತಲಿನ ನಾಲ್ಕು ಬೀದಿಗಳಲ್ಲಿ ಟೀವಿಯಣ್ಣನ ಮುಖಕ್ಕಿಂತ ಅವನ ಬೆನ್ನನ್ನು ಗುರುತಿಸುವವರೇ ಹೆಚ್ಚು. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟವನೇ ನೇರ ಟೀವಿಯ ಹಿಂದೆ ಸೇರಿಕೊಳ್ಳುತ್ತಿದ್ದ. ಆಮೇಲೆ ಮನೆಯವರಿಗೆ ಕಾಣುತ್ತಿದ್ದುದು ಬೆವರಿಗೆ ಅಂಟಿದ ಅಂಗಿ, ಹಿಂದಿನ ಜೇಬಿನಲ್ಲೊಂದು ಸ್ಕ್ರೂಡ್ರೈವರ್, ಅಷ್ಟೇ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಡಬ್ಬದಂಥ ಟೀವಿಗಳ ಕಾಲದಲ್ಲಿ, ಹಿಂದಿನ ಮುಚ್ಚಳ ಬಿಚ್ಚಿ ಕೂತವನಿಗೆ ಮುಂದಿನ ಚಿತ್ರ ಕಾಣುತ್ತಿರಲಿಲ್ಲ. ಬೇರೆ ರಿಪೇರಿಯವರು ಎದುರಿಗೊಂದು ಕನ್ನಡಿ ನಿಲ್ಲಿಸಿಕೊಂಡು ಅದರಲ್ಲಿ ನೋಡುತ್ತಿದ್ದರು. ಟೀವಿಯಣ್ಣ ಮದುವೆಯಾದ ತಿಂಗಳಿಗೇ ಕನ್ನಡಿಯನ್ನು ಅಟ್ಟಕ್ಕೆ ಹಾಕಿದ. ಹೆಂಡತಿಯೇ ಜೊತೆಗೆ ಬರುತ್ತಿದ್ದಳು. ಟೀವಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ಬಂತು... ಹೋಯ್ತು... ಬಂತು ಬಂತು, ಇನ್ನು ಮುಟ್ಬೇಡಿ!" ಎಂದು ಕೂಗುತ್ತಿದ್ದಳು. ಜನ ಅವಳಿಗೆ ಬಂತಕ್ಕ ಎಂದೇ ಹೆಸರಿಟ್ಟರು. "ಬಂತಕ್ಕ ಬಂದ್ರೆ ಅರ್ಧ ರಿಪೇರಿ ಆದ ಹಾಗೆ" ಎಂದು ಯಾರಾದರೂ ತಮಾಷೆ ಮಾಡಿದರೆ, "ಇನ್ನರ್ಧ ಮಾಡೋರು ಹಿಂದೆ ಸಿಕ್ಕಿಹಾಕ್ಕೊಂಡಿದಾರೆ, ಸ್ವಲ್ಪ ಎಳೀರಿ" ಅನ್ನುತ್ತಿದ್ದಳು.

ಬಂತಕ್ಕ ಹೋಗಿ ಐದು ತಿಂಗಳಾಗಿತ್ತು. ಬಟ್ಟೆ ಒಣಹಾಕುತ್ತಿದ್ದವಳು ತಲೆ ಹಿಡಿದುಕೊಂಡು ಕೂತಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡನೇ ಮಹಡಿಯ ಮನೆಯಲ್ಲಿ ಈಗ ಅವನು ಮತ್ತು ಹತ್ತನೇ ಕ್ಲಾಸಿನ ಮಗಳು, ಇಬ್ಬರೇ.

ಅವತ್ತು ಮಧ್ಯಾಹ್ನ ಅವನು ಯಾರದೋ ಮನೆಯ ಟೀವಿ ಗೋಡೆಗೆ ಬಿಗಿಯುತ್ತಿದ್ದಾಗ ಫೋನು ಬಂತು. ಕೆಳಗಿನ ಮನೆಗೆ ತಿಂಗಳ ಹಿಂದೆ ಬಾಡಿಗೆಗೆ ಬಂದ ಹೆಂಗಸು, ಆರು ತಿಂಗಳ ಮಗುವಿನ ತಾಯಿ.

"ಅಣ್ಣಾ, ಎಲ್ಲಿದೀರ? ನಮ್ಮ ಟೀವಿ ತಾನಾಗೇ ಆನ್ ಆಗತ್ತೆ."

"ಮಗು ರಿಮೋಟ್ ಅದುಮಿರತ್ತಮ್ಮ."

"ರಿಮೋಟ್ ಫ್ರಿಜ್ ಮೇಲಿದೆ. ಇವಳಿನ್ನೂ ತೆವಳೋದೂ ಇಲ್ಲ." ಧ್ವನಿ ತಗ್ಗಿತು. "ಅಣ್ಣಾ, ನಗ್ಬೇಡಿ. ಅದ್ರಲ್ಲಿ ಒಬ್ರು ಹೆಂಗಸು ಬರ್ತಾರೆ. ನಾಲ್ಕು ದಿನದಿಂದ, ಸರಿಯಾಗಿ ನಾಲ್ಕು ಗಂಟೆಗೆ. ಬಂದು 'ನಾನು ಕಾಣ್ತಿದೀನಾ' ಅಂತ ಕೇಳ್ತಾರೆ."

ಟೀವಿಯಣ್ಣ ನಗಲಿಲ್ಲ. ಬಾಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ಕೆಳಗೆ ಬಿದ್ದು ಸೋಫಾದಡಿಗೆ ಉರುಳಿತು.

ಆ ಮಾತು ಅವನಿಗೆ ಗೊತ್ತು. ಸಾಯುವುದಕ್ಕೆ ಮೂರು ವಾರ ಮೊದಲು ಹೆಂಡತಿ ತನ್ನ ಫೋನಿನಲ್ಲಿ ತನ್ನನ್ನೇ ಹಿಡಿದುಕೊಂಡ ನಲವತ್ತು ಸೆಕೆಂಡಿನ ವಿಡಿಯೋ ಅದು. ಅದರ ಕೊನೆಯಲ್ಲಿ ಇನ್ನೊಂದು ಮಾತೂ ಇದೆ. ಅದನ್ನು ಮಗಳು ಎಂದೂ ಕೇಳಬಾರದೆಂದೇ ಅವನು ಆ ಫೋನನ್ನು ಹಳೆಯ ವೈರುಗಳ ಡಬ್ಬದ ತಳಕ್ಕೆ ತುರುಕಿ, "ಅಮ್ಮನ ಫೋನ್ ಕೆಟ್ಟುಹೋಯ್ತು ಪುಟ್ಟಾ, ಒಳಗಿದ್ದದ್ದೆಲ್ಲ ಹೋಯ್ತು" ಎಂದು ಸುಳ್ಳು ಹೇಳಿದ್ದು.

ಕೆಳಗಿನ ಮನೆಯ ಬಾಗಿಲು ತಟ್ಟುವ ಮೊದಲೇ ತೆರೆಯಿತು. ಮೇಜಿನ ನಾಲ್ಕೂ ಮೂಲೆಗೆ ಸ್ಪಂಜು ಸುತ್ತಿತ್ತು. ಪ್ಲಗ್ಗಿನ ತೂತುಗಳಿಗೆ ಟೇಪು ಅಂಟಿಸಿತ್ತು, ಮಗುವಿಗೆ ಎಟುಕದ ಎತ್ತರದಲ್ಲಿದ್ದವಕ್ಕೂ. ಬಾಗಿಲು ಹಾಕುವಾಗಲೂ ಆಕೆಯ ಕಣ್ಣು ಅಡುಗೆಮನೆಯ ಗ್ಯಾಸಿನ ಮೇಲಿತ್ತು.

"ಮೂರು ಸಲ ನೋಡಿದೆ, ಆಫ್ ಆಗಿದೆ," ಎಂದು ಯಾರೂ ಕೇಳದೆಯೇ ಹೇಳಿದಳು. "ಇವರಿಗೆ ಹೇಳಿದ್ರೆ 'ನಿದ್ದೆಗೆಟ್ಟು ನಿಂಗೆ ಏನೇನೋ ಕಾಣತ್ತೆ' ಅಂತಾರೆ. ನನಗೇನು ಹುಚ್ಚಾ ಅಣ್ಣಾ? ಮಗು ಆಕೇನ ನೋಡಿ ನಗತ್ತೆ. ಆಮೇಲೊಂದು ಗಂಡಸಿನ ಧ್ವನಿ ಬರತ್ತೆ. ಆಗ ಕಿಟಾರನೆ ಕಿರುಚತ್ತೆ. ಹೆಂಗಸಿಗಲ್ಲ, ಆ ಧ್ವನಿಗೇ ನನಗೂ ಭಯ."

ಅವನು ಗೋಡೆಯ ಗಡಿಯಾರ ನೋಡಿದ, ನಾಲ್ಕಕ್ಕೆ ಇನ್ನು ಮೂರು ನಿಮಿಷ. ಅಭ್ಯಾಸದಂತೆ ಟೀವಿಯ ಹಿಂದೆ ಕೈಹಾಕಿದ. ಬೆರಳಿಗೆ ಸಿಕ್ಕಿದ್ದು ಬೆರಳುದ್ದದ ಕಪ್ಪು ತುಂಡು. ಅದನ್ನು ಟೀವಿಯ ಬೆನ್ನಿಗೆ ಚುಚ್ಚಿದರೆ ಫೋನಿನಲ್ಲಿರುವುದು ತಂತಿಯಿಲ್ಲದೆ ಪರದೆಗೆ ಬರುತ್ತದೆ. ಮೂರು ವಾರದ ಹಿಂದೆ ಅವನೇ ತಂದು ಹಾಕಿಕೊಟ್ಟದ್ದು. ಮುಟ್ಟಿದೊಡನೆ ತಾನು ಮಾಡಿದ್ದೇನೆಂದು ಹೊಳೆಯಿತು.

ಅದು ಅವನ ಸ್ವಂತ ಮನೆಯ ತುಂಡು. ಹೆಂಡತಿ ಆ ವಿಡಿಯೋ ಮಾಡಿದ ದಿನ, ಅವಳು ಫೋನು ಹಿಡಿದು ನಿಂತಿರುವಾಗ ಅವನೇ ತಮ್ಮ ಟೀವಿಗೆ ಹಾಕಿದ್ದು. ಅವಳು ಹೋದ ಮೇಲೆ ಅದು ಮನೆಯಲ್ಲಿರುವುದೇ ಬೇಡವೆನಿಸಿ ಕಿತ್ತು, ಕೆಳಗಿನವರಿಗೆ ಕೊಟ್ಟಿದ್ದ. ಇವರ ಇಂಟರ್ನೆಟ್ ಇನ್ನೂ ಬಂದಿರಲಿಲ್ಲ. ಬರುವತನಕ ನಮ್ಮ ವೈಫೈಯಲ್ಲೇ ನಡೆಯಲಿ ಎಂದಿದ್ದ. ಒಳಗಿದ್ದದ್ದನ್ನು ಅಳಿಸಿ, ಹೊಸ ಹೆಸರು ಕೊಟ್ಟು ಜೋಡಿಸಬೇಕಿತ್ತು. ಆ ಸೆಟ್ಟಿಂಗ್ ತೆರೆದರೆ ಹೆಂಡತಿಯ ಫೋನಿನ ಹೆಸರು ಕಾಣುತ್ತದೆಂದು ತೆರೆಯಲೇ ಇಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಬೈದು ನೀರಿಳಿಸುತ್ತಿದ್ದ.

ಅಂದರೆ ಫೋನು ಈಗ ವೈರಿನ ಡಬ್ಬದಲ್ಲಿಲ್ಲ. ಮಗಳು ಶಾಲೆಯಿಂದ ಬರುವುದು ಮೂರೂಮುಕ್ಕಾಲಿಗೆ. ಮೇಲಿನ ಮನೆಯಲ್ಲಿ ಅವಳು ಹಾಕಿದ್ದು ಇಲ್ಲಿ ಬರುತ್ತಿದೆ.

ತುಂಡನ್ನು ಆಗಲೇ ಕಿತ್ತುಬಿಡಬಹುದಿತ್ತು. ಕೀಳಲಿಲ್ಲ. ಐದು ತಿಂಗಳಿಂದ ಕೇಳದ ಧ್ವನಿ ಇನ್ನೆರಡು ನಿಮಿಷದಲ್ಲಿ ಬರುವುದಿತ್ತು.

ಟೀವಿ ತಾನಾಗೇ ಕಣ್ಣು ಬಿಟ್ಟಿತು. ಮೊದಲು ಕಪ್ಪು, ನಡುವೆ "ಹಾಲ್" ಎಂಬ ಎರಡಕ್ಷರ, ಮೇಲಿನ ಮನೆಯ ಹಾಲಿನ ಟೀವಿಗೆಂದು ಇಟ್ಟಿದ್ದ ಹೆಸರು. ಆಮೇಲೆ ಗೋಡೆಯಗಲ ಬಂತಕ್ಕ. ತಲೆಗೂದಲು ಕೆದರಿತ್ತು, ಗಲ್ಲದ ಮೇಲೆ ಹಿಟ್ಟಿನ ಕಲೆಯಿತ್ತು.

"ಏನ್ರೀ, ಈಗ ನಾನು ಕಾಣ್ತಿದೀನಾ?" ಎಂದಳು. ತಾಯಿಯ ತೊಡೆಯ ಮೇಲಿದ್ದ ಮಗು ಕೈಬಡಿದು ನಕ್ಕಿತು. "ಇಷ್ಟು ವರ್ಷ ನಾನು ಹೇಳಿದ್ದಾಯ್ತು, ಇವತ್ತು ನೀವು ಹೇಳಿ. ಬಂತಾ? ಬಂದ್ನಾ ನಾನು? ಏನ್ರೀ, ಕಾಣ್ತಿದೀನಾ?"

ಆಗ ಎಲ್ಲೋ ಹಿಂದಿನಿಂದ ಗಂಡಸಿನ ಧ್ವನಿ: "ನೀನು ಸ್ವಲ್ಪ ಬಾಯಿ ಮುಚ್ಚಿಕೊಂಡು ಬಿದ್ದಿದ್ರೆ ಎಲ್ಲಾ ಕಾಣತ್ತೆ!"

ಮಗು ಕಿರುಚಿತು. ಪರದೆಗೆ ಹೆಬ್ಬೆರಳು ಅಡ್ಡ ಬಂದು ಎಲ್ಲ ಕಪ್ಪಾಯಿತು.

"ಸುಮ್ನಿರು ಪುಟ್ಟಿ, ಏನಿಲ್ಲ, ಸುಮ್ನಿರು," ಎಂದ ಟೀವಿಯಣ್ಣ.

ಮಗು ಅಳು ನಿಲ್ಲಿಸಿ ಅವನ ಕಡೆ ತಿರುಗಿತು. ಅವನ ಬಾಯನ್ನೇ ದಿಟ್ಟಿಸಿತು. ತುಟಿ ಸೊಟ್ಟಗಾಗಿ, ಮೊದಲಿಗಿಂತ ಜೋರಾಗಿ ಅಳತೊಡಗಿತು.

ತಾಯಿ ಮಗುವನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. "ಅಣ್ಣಾ," ಎಂದಳು ಮೆಲ್ಲಗೆ, "ಆ ಧ್ವನಿ..."

"ನಂದೇ ಕಣಮ್ಮ. ಅವಳು ನನ್ನ ಹೆಂಡತಿ. ತಪ್ಪು ನಂದು, ಇನ್ನು ಬರಲ್ಲ," ಎಂದು ತುಂಡನ್ನು ಕಿತ್ತುಕೊಂಡು ಹೊರಟ. ಮೆಟ್ಟಿಲ ಮೇಲೆ ಅದು ಅಂಗೈಯಲ್ಲಿ ಬಿಸಿಯಾಗಿತ್ತು, ಸ್ವಲ್ಪ ಹೊತ್ತಿನ ಮುಂಚೆ ಯಾರೋ ಹಿಡಿದಿದ್ದ ಹಾಗೆ. ಕೆಲಸ ಮಾಡುವಾಗ ಅವು ಬಿಸಿಯಾಗುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮುಷ್ಟಿ ಬಿಗಿಹಿಡಿದ.

ಮಗಳು ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತಿದ್ದಳು. ಎದುರಿಗೆ ಕಪ್ಪು ಟೀವಿ, ಕೈಯಲ್ಲಿ ಗಾಜು ಒಡೆದ ಅಮ್ಮನ ಫೋನು. ಅಪ್ಪನನ್ನು ಕಂಡು ಬಚ್ಚಿಡಲೂ ಹೋಗಲಿಲ್ಲ.

"ಹಾಲ್ ಅಂತ ತೋರಿಸತ್ತೆ, ಕನೆಕ್ಟ್ ಆಯ್ತು ಅನ್ನತ್ತೆ. ಆದ್ರೆ ಬರ್ತಾನೇ ಇಲ್ಲಪ್ಪ. ನಾಲ್ಕು ದಿನದಿಂದ ಕೂಗ್ತಿದೀನಿ, ಅಮ್ಮ ಬರ್ತಿಲ್ಲ."

"ಫೋನಲ್ಲೇ ನೋಡಿದೀಯಲ್ಲ ಪುಟ್ಟಾ," ಎಂದ.

"ನೋಡಿದೀನಿ. ನೀನು ಬೈಯೋದನ್ನೂ ಕೇಳಿದೀನಿ." ಅವಳು ಒಡೆದ ಗಾಜಿನ ಮೇಲೆ ಬೆರಳಾಡಿಸಿದಳು. "ಬೈದ ಮೇಲೆ ಅಮ್ಮನ ಮುಖ ಏನಾಗತ್ತೆ ಅಂತ ನೋಡ್ಬೇಕಿತ್ತು. ಇದ್ರಲ್ಲಿ ಬಿರುಕು ಸರಿಯಾಗಿ ಅವಳ ಬಾಯಿ ಮೇಲೇ ಬರತ್ತೆ. ನಕ್ಕಳಾ, ಅತ್ತಳಾ, ಗೊತ್ತಾಗಲ್ಲ."

ಅವನಿಗೂ ಗೊತ್ತಿರಲಿಲ್ಲ. ಆ ಹೊತ್ತು ಅವನು ಟೀವಿಯ ಹಿಂದಿದ್ದ.

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು: ಟೀವಿ ಕೆಟ್ಟಿದೆ, ಬಿಡು. ಹೇಳಲಾಗಲಿಲ್ಲ. ಟೀವಿಯ ಹಿಂದೆ ಬಗ್ಗಿ, ಕೈತಡವರಿಸಿ, ತುಂಡನ್ನು ಚುಚ್ಚಿದ. ಅಲ್ಲೇ ಗೋಡೆಗೆ ಹಣೆಯೊತ್ತಿ ನಿಂತ.

"ಬಂತು," ಎಂದಳು ಮಗಳು. ಥೇಟ್ ಅದೇ ರಾಗ. "ಬಂತು ಬಂತು, ಇನ್ನು ಮುಟ್ಬೇಡಪ್ಪ."

ಹೆಂಡತಿ ಕೇಳಿದಳು. ಅವನ ಧ್ವನಿ ಬೈಯಿತು. ಆಮೇಲೆ ಮೌನ.

"ನಕ್ಕಳಾ?" ಎಂದ ಗೋಡೆಗೆ ಮುಖ ಮಾಡಿಯೇ.

"ಇಲ್ಲಿ ಬಂದು ನೋಡು."

ಅವನು ಮುಂದೆ ಬಂದು ಮಗಳ ಪಕ್ಕ ಕೂತ. ಮಗಳು ಮತ್ತೆ ಹಾಕಿದಳು. ಕೆಳಗಿನ ಮನೆಯಲ್ಲಿ ಮಗುವಿನ ಕಿರುಚಾಟದಲ್ಲಿ ನೋಡದೆ ಹೋದ ನಾಲ್ಕು ಸೆಕೆಂಡು ಈಗ ಕಂಡವು. ಬೈದ ಮೇಲೆ ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಫೋನಿನಿಂದ ಕಣ್ಣೆತ್ತಿ ಪಕ್ಕಕ್ಕೆ, ಟೀವಿಯಿದ್ದ ಕಡೆ ನೋಡಿದಳು. ತಲೆ ಒಂದಿಷ್ಟು ವಾಲಿಸಿ, ಅಲ್ಲಿಂದ ಇನ್ನೊಂದು ಮಾತು ಬರಬಹುದೆಂದು ಕಾದಳು. ಬರಲಿಲ್ಲ. ಹೆಬ್ಬೆರಳು ಅಡ್ಡ ಬಂತು.

ಮೂರನೆಯ ಸಲಕ್ಕೆ ಅವನು ತಯಾರಾಗಿ ಕೂತ. "ಏನ್ರೀ, ಕಾಣ್ತಿದೀನಾ?" ಎಂದಳು. ಹ್ಞೂಂ ಕಣೇ ಎನ್ನಲು ಬಾಯಿ ತೆರೆದ. ಅವನಿಗಿಂತ ಮೊದಲೇ ಅವನ ಧ್ವನಿ ಉತ್ತರ ಕೊಟ್ಟಿತು. ಆಮೇಲೆ ಅವಳು ತಲೆ ವಾಲಿಸಿ ಕಾದ ಆ ನಾಲ್ಕು ಸೆಕೆಂಡು ಪೂರ್ತಿ ಅವನದೇ ಆಗಿತ್ತು. ತೆರೆದ ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಪರದೆ ಕಪ್ಪಾಯಿತು. ಅದರಲ್ಲಿ ಈಗ ಕಾಣುತ್ತಿದ್ದುದು ನೆಲದ ಮೇಲೆ ಕೂತ ಇಬ್ಬರೇ.

"ಇನ್ನೊಂದ್ಸಲ ಹಾಕ್ಲಾ ಅಪ್ಪಾ?"

"ಹಾಕು," ಎಂದ.