ಸೋಮವಾರದ ಕಾಯಿಯ ಸೋಪು

ಸೋಪು ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಅದನ್ನು ನಾಲಿಗೆಯ ತುದಿಗೆ ಮುಟ್ಟಿಸಬೇಕು. ಚುರುಕ್ಕೆಂದರೆ ಇನ್ನೂ ಆಗಿಲ್ಲ. ಒದ್ದೆ ಬಟ್ಟೆಯನ್ನು ಕಚ್ಚಿದ ಹಾಗೆ ಸಪ್ಪೆಯಾಗಿದ್ದರೆ ಆಗಿದೆ. ಅಮ್ಮ ಕಣ್ಣು ಮುಚ್ಚಿಕೊಂಡು ಹೀಗೆ ನೋಡುತ್ತಿದ್ದಳು, ಆಮೇಲೆ ಬಿಲ್ಲೆಯನ್ನು ನನ್ನ ಕಡೆಗೆ ಚಾಚುತ್ತಿದ್ದಳು. ಕಳೆದ ವಾರ, ನಾನು ಪಾಠ ಹೇಳುವ ಶಿವಮೊಗ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ, ಹುಡುಗಿಯರು ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಬೆರೆಸಿ ಸೋಪು ಮಾಡಿದರು. ಬೀಕರಿನ ಬಾಯಿಂದ ಎದ್ದ ಆ ಬಿಸಿ ಉಸಿರು, ಮೂಗಿನ ಬುಡದಲ್ಲಿ ಚುಚ್ಚುವ ಆ ವಾಸನೆ ಬಂದದ್ದೇ ನಾನು ಕಿಟಕಿಯ ಬಳಿ ಹೋಗಿ ನಿಂತೆ. ಮೇಡಮ್ಮಿಗೆ ವಾಸನೆ ಆಗುವುದಿಲ್ಲ ಎಂದು ಹುಡುಗಿಯರು ಅಂದುಕೊಂಡರು. ಕಪ್ಪುಹಲಗೆಯ ಮೇಲೆ ನಾನೇ ಬರೆದ ಸಮೀಕರಣವಿತ್ತು: ಎಡಕ್ಕೆ ಎಣ್ಣೆ ಮತ್ತು ಕ್ಷಾರ, ಬಲಕ್ಕೆ ಸೋಪು ಮತ್ತು ಗ್ಲಿಸರಿನ್. ಎರಡೂ ಕಡೆ ಸರಿಯಾಗಿ ತೂಗಿತ್ತು. ಅಮ್ಮ ಎಣ್ಣೆಯ ಜೊತೆಗೆ ಸೇರಿಸುತ್ತಿದ್ದ ಇನ್ನೊಂದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಆಗ ನಾವು ಭದ್ರಾವತಿಯಲ್ಲಿದ್ದೆವು. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕ್ವಾರ್ಟರ್ಸಿನ ಉದ್ದನೆಯ ಸಾಲಿನಲ್ಲಿ ನಮ್ಮದು ಕೊನೆಯ ಮನೆ. ಎರಡು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು, ಅದರಾಚೆ ಬೇಲಿಯ ಮೂಲೆಯಲ್ಲಿ ಒಂದು ಹೊಂಗೆ ಮರ. ತಂತಿಯ ಮೇಲೆ ಹಾಕಿದ ಬಿಳಿ ಬಟ್ಟೆ ಸಂಜೆಯ ಹೊತ್ತಿಗೆ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಬೆಳಗಿನ ಸೈರನ್ನಿಗೆ ಒಲೆ ಹತ್ತುತ್ತಿತ್ತು, ಸಂಜೆಯ ಸೈರನ್ನಿಗೆ ದೀಪ. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಅಪ್ಪ ಇಲ್ಲ, ಅಜ್ಜಿ ಇಲ್ಲ. ಅಮ್ಮ ನನ್ನ ಜೊತೆ ಇಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಈಗ ಬಾಗಿಲು ತಟ್ಟಿದರೆ ಗುರುತಿಲ್ಲದವರು ಬಂದು ತೆರೆಯುವಂಥದ್ದು. ನಾನು ತಟ್ಟಲು ಹೋಗಿಲ್ಲ.

ಅಕ್ಕ ಗಿರಿಜ ನನಗಿಂತ ಆರು ವರ್ಷ ದೊಡ್ಡವಳು. ಮನೆಯಲ್ಲಿ ನಗುವ ಕೆಲಸವನ್ನೆಲ್ಲ ಅವಳೊಬ್ಬಳೇ ಮಾಡುತ್ತಿದ್ದಳು. ಒಂದು ಮಳೆಗಾಲ ಅವಳಿಗೆ ಜ್ವರ ಬಂದು ಮಂಡಿ, ಮೊಣಕೈಗಳು ಊದಿಕೊಂಡವು. ಜ್ವರ ಬಿಟ್ಟಿತು, ಊತ ಇಳಿಯಿತು. ಆದರೆ ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಅವಳು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಜ್ವರ ಹೃದಯದ ಕವಾಟವನ್ನು ಕೆಡಿಸಿ ಹೋಗಿದೆ, ವಿಶ್ರಾಂತಿ ಬಿಟ್ಟರೆ ಬೇರೆ ಏನನ್ನೂ ಹೇಳುವ ಹಾಗಿಲ್ಲ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಅಪ್ಪ ಮನೆಗೆ ಬಂದು ಅಮ್ಮನಿಗೆ ಅದರಲ್ಲಿ ಅರ್ಧವನ್ನು ಮಾತ್ರ ಹೇಳಿದರು. "ಚೆನ್ನಾಗಿ ರೆಸ್ಟ್ ತಗೊಂಡ್ರೆ ಸರಿ ಹೋಗುತ್ತಂತೆ." ಉಳಿದ ಅರ್ಧ ಏನೆಂದು ಅಮ್ಮ ಕೇಳಲಿಲ್ಲ. ಆ ವಾರವೇ ಹೊಳೆಯ ದಂಡೆಯ ಈಶ್ವರನ ಗುಡಿಗೆ ಹೋಗಿ, ಗಿರಿಜ ಎದ್ದು ಓಡಾಡುವ ತನಕ ಪ್ರತಿ ಸೋಮವಾರ ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತು ಬಂದಳು. ಸುದ್ದಿ ತಿಳಿದು ಶಿವಮೊಗ್ಗದ ಕೋಟೆ ಬೀದಿಯಲ್ಲಿದ್ದ ದೊಡ್ಡಪ್ಪನ ಮನೆಯವರು, ಕುಂಸಿಯಲ್ಲಿದ್ದ ಸೋದರತ್ತೆ, ಅವರವರ ಊರಿನ ಗುಡಿಗಳಲ್ಲಿ ಅವಳ ಹೆಸರಿನಲ್ಲಿ ಕಾಯಿ ಒಡೆಸಿದರು. ಒಡೆದ ಹೋಳುಗಳು ಬಟ್ಟೆಯ ಚೀಲಗಳಲ್ಲಿ ಬಸ್ಸು ಹತ್ತಿ ನಮ್ಮ ಮನೆಗೆ ಬಂದವು. ಯಾರಿಗಾಗಿ ಒಡೆಸಿದ್ದೋ ಅವಳೇ ತಿನ್ನಬೇಕು, ಬೇರೆಯವರಿಗೆ ಹಂಚಬಾರದು ಎಂಬುದು ಅಮ್ಮನ ನಂಬಿಕೆ. ಅಕ್ಕನಿಗೆ ಕಾಯಿಯ ಒಂದು ಚೂರು ತಿಂದರೂ ಹೊಟ್ಟೆ ತೊಳೆಸುತ್ತಿತ್ತು. ದೇವರ ಕಾಯಿಯನ್ನು ಕೊಳೆಸುವ ಹಾಗಿಲ್ಲ, ಮಾರುವ ಹಾಗಿಲ್ಲ. ಅಮ್ಮ ಹೋಳುಗಳನ್ನು ಅಂಗಳದ ಚಾಪೆಯ ಮೇಲೆ ಒಣಹಾಕಿದಳು. ಅವು ಚಿಪ್ಪು ಬಿಟ್ಟು ಸುರುಟಿಕೊಂಡು ಕೊಬ್ಬರಿಯಾದವು. ಕೊಬ್ಬರಿ ಒಂದು ಮೂಟೆಯಾದಾಗ ಗಾಣಕ್ಕೆ ಹೊರಿಸಿಕೊಂಡು ಹೋಗಿ, ಬೇರೆಯವರ ಕೊಬ್ಬರಿ ಅದರಲ್ಲಿ ಬೆರೆಯದ ಹಾಗೆ ಕೊನೆಯ ತೊಟ್ಟಿನವರೆಗೂ ಪಕ್ಕದಲ್ಲೇ ಕೂತು ಎಣ್ಣೆ ಹಿಡಿದು ತಂದಳು. ಕಾಲೊನಿಯ ಮಹಿಳಾ ಸಮಾಜದಲ್ಲಿ ಹೊಲಿಗೆಯ ಜೊತೆಗೆ ಸೋಪು ಮಾಡುವುದನ್ನೂ ಹೇಳಿಕೊಟ್ಟಿದ್ದರು.

ಅಕ್ಕನನ್ನು ನೋಡಿಕೊಳ್ಳಲೆಂದು ಅಪ್ಪನ ತಾಯಿ, ನಮ್ಮ ಅಜ್ಜಿ, ಕೋಟೆಯಿಂದ ಬಂದು ನಮ್ಮಲ್ಲೇ ಉಳಿದಿದ್ದಳು. ಎಣ್ಣೆ ಏನಕ್ಕೆಂದು ಕೇಳಿ ಅವಳು ವಿಭೂತಿ ಹಚ್ಚಿಕೊಳ್ಳುತ್ತಿದ್ದ ಕೈಯನ್ನು ಹಣೆಯ ಮೇಲೇ ನಿಲ್ಲಿಸಿದಳು.

"ಏನೇ ಪಾರ್ವತಿ, ದೇವರ ಕಾಯಲ್ಲಿ ಸೋಪು ಮಾಡ್ತೀಯಾ? ನಾಳೆ ಕಕ್ಕಸಿಗೆ ಹೋಗಿ ಬಂದು ಅದರಲ್ಲೇ ಕೈ ತೊಳ್ಕೋ!"

"ಅದನ್ನ ಯಾರೂ ಮುಟ್ಟಲ್ಲ ಅತ್ತೆ. ಗಿರಿಜಂಗೆ ಮಾತ್ರ. ಬಾಯಿಂದ ಒಳಗೆ ಹೋಗ್ದೇ ಇದ್ದಿದ್ದು ಮೈಯಿಂದಾದ್ರೂ ಹೋಗ್ಲಿ."

"ಸರಿ, ಮೈಗೆ ಹಚ್ಚಿದೆ. ತೊಳೆದ ನೀರು ಎಲ್ಲಿಗೆ ಹೋಗುತ್ತೆ? ಬೀದಿ ಚರಂಡಿಗೆ. ಹಂದಿ ಹೊರಳೋ ಜಾಗಕ್ಕೆ."

"ಹಂಗಾದ್ರೆ ನೀರು ಹಿಡೀತೀನಿ. ಯಾರೂ ತುಳೀದೇ ಇರೋ ಕಡೆ ಹಾಕ್ತೀನಿ," ಎಂದಳು ಅಮ್ಮ. ಅಜ್ಜಿ ಅರ್ಧಕ್ಕೆ ನಿಲ್ಲಿಸಿದ್ದ ವಿಭೂತಿಯನ್ನು ಹಣೆಯ ಉದ್ದಕ್ಕೂ ಎಳೆದುಕೊಂಡಳು. ದೇವರ ಮೇಲಿನ ಬಾಡಿದ ಹೂವನ್ನು ನಾವು ಹಾಕುತ್ತಿದ್ದುದೂ ಅಂಥ ಕಡೆಗೇ.

ಸೋಪು ಮಾಡುವ ದಿನ ಅಮ್ಮ ನನ್ನನ್ನು ಬಾಗಿಲಿನಿಂದ ಈಚೆಗೆ ನಿಲ್ಲಿಸುತ್ತಿದ್ದಳು. ಹಳೆಯ ಉಪ್ಪಿನಕಾಯಿ ಜಾಡಿಯ ನೀರಿಗೆ ಕಾಸ್ಟಿಕ್ ಸೋಡಾದ ಬಿಳಿಯ ಚೂರುಗಳನ್ನು ಬಿಟ್ಟರೆ ಒಲೆಯೇ ಇಲ್ಲದೆ ನೀರು ಬಿಸಿಯಾಗಿ ಹಬೆ ಏಳುತ್ತಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಅದು ಆರಿದ ಮೇಲೆ ಎಣ್ಣೆಗೆ ಸಣ್ಣ ಧಾರೆಯಾಗಿ ಬಿಟ್ಟು, ಬಿದಿರಿನ ಕೋಲಿನಿಂದ ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದಳು. ತಿಳಿಯಾದ ಎಣ್ಣೆ ಮೊದಲು ಮೋಡ ಕವಿದ ಹಾಗಾಗಿ, ಆಮೇಲೆ ಹಾಲಾಗಿ, ಆಮೇಲೆ ಇಡ್ಲಿ ಹಿಟ್ಟಿನ ಹದಕ್ಕೆ ಬಂದಾಗ, ಒದ್ದೆ ಬಟ್ಟೆ ಹಾಸಿದ ಮರದ ಪೆಟ್ಟಿಗೆಗೆ ಸುರಿದು ಗೋಣಿಚೀಲ ಹೊದಿಸುತ್ತಿದ್ದಳು. ಬರೀ ಕೊಬ್ಬರಿ ಎಣ್ಣೆಯ ಸೋಪು ಬೇಗ ಗಟ್ಟಿಯಾಗುತ್ತದೆ. ಇನ್ನೂ ಬೆಚ್ಚಗಿರುವಾಗಲೇ ದಾರದಿಂದ ಕೊಯ್ದುಬಿಡಬೇಕು, ಮರುದಿನಕ್ಕೆ ಬಿಟ್ಟರೆ ಕಲ್ಲಿನ ಹಾಗೆ ಸಿಡಿದುಹೋಗುತ್ತದೆ. ಬಿಳಿಯ, ಬಹಳ ಬಿಳಿಯ ಬಿಲ್ಲೆಗಳು. ಅವಕ್ಕೆ ಕೊಬ್ಬರಿಯ ವಾಸನೆಯೂ ಇರುತ್ತಿರಲಿಲ್ಲ, ಅಂಗಡಿ ಸೋಪಿನ ಹೂವಿನ ವಾಸನೆಯೂ ಇರುತ್ತಿರಲಿಲ್ಲ. ಬಿಸಿಲಿನಿಂದ ಆಗಷ್ಟೇ ತೆಗೆದ ಬಟ್ಟೆಯ ವಾಸನೆ. ಅವನ್ನು ಮೊರದಲ್ಲಿ ಜೋಡಿಸಿ ಅಟ್ಟದ ಮೇಲೆ ತಿಂಗಳೊಪ್ಪತ್ತು ಆರಲು ಇಡುವಾಗ ಅಮ್ಮ ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದಳು: "ಇದು ಆರೋ ಹೊತ್ತಿಗೆ ನಮ್ಮ ಗಿರಿಜ ಓಡಾಡ್ತಾಳೆ." ಸೋಪು ಆರುತ್ತಿತ್ತು. ಅಮ್ಮ ಮತ್ತೆ ಪೆಟ್ಟಿಗೆಗೆ ಒದ್ದೆ ಬಟ್ಟೆ ಹಾಸುತ್ತಿದ್ದಳು.

ಮೊದಮೊದಲು ಅಕ್ಕ ತಾನೇ ಬಚ್ಚಲಿಗೆ ಹೋಗಿ ಸ್ನಾನ ಮಾಡುತ್ತಿದ್ದಳು. ಬಚ್ಚಲ ತೂಬಿಗೆ ಬಟ್ಟೆ ತುರುಕಿ, ಅವಳು ಅಗಲದ ತಗಡಿನ ತೊಟ್ಟಿಯೊಳಗೆ ಮಣೆ ಹಾಕಿಕೊಂಡು ಕೂತರೆ, ನೊರೆಯ ನೀರೆಲ್ಲ ಅದರಲ್ಲೇ ನಿಲ್ಲುತ್ತಿತ್ತು. ಬಕೀಟಿಗೆ ತುಂಬಿ ಹೊರುವ ಕೆಲಸ ನನ್ನದು. ನಾನು ಎರಡೂ ಕೈಯಲ್ಲಿ ಹಿಡಿದು ತುಳುಕಿಸುತ್ತ ಹೋಗುವಾಗ ಅಕ್ಕ ತಲೆ ಒರೆಸಿಕೊಳ್ಳುತ್ತ ಹಿಂದಿನಿಂದ ಕೂಗುತ್ತಿದ್ದಳು. "ಮೆಲ್ಲಗೆ ಮಾರಾಯ್ತಿ! ಈಶ್ವರ ಜಾರಿ ಬಿದ್ದು ಸೊಂಟ ಮುರ್ಕೊಂಡಾನು." ಅಮ್ಮ ಗದರಿದರೆ ಅವಳ ಕಡೆಗೂ ಒಂದು ಚಟಾಕಿ ಬೀಳುತ್ತಿತ್ತು. "ಮತ್ತೇನಮ್ಮಾ, ಅಂಥಾ ದೇವರಿಗೆ ದಿನಾ ನನ್ನ ಬೆನ್ನುಜ್ಜೋ ಕೆಲಸ ಹಚ್ಚಿದೀಯ. ಪಾಪ." ಅಮ್ಮ ನಗಬಾರದೆಂದು ಮುಖ ತಿರುಗಿಸುತ್ತಿದ್ದಳು, ಬೆನ್ನು ನಗುತ್ತಿತ್ತು. ನೀರನ್ನು ಮೊದಲು ದಾಸವಾಳದ ಬುಡಕ್ಕೆ ಹಾಕಿದೆವು. ಕೆಲವು ವಾರಗಳಲ್ಲಿ ಅದರ ಎಲೆ ಹಳದಿಯಾಗಿ ಉದುರತೊಡಗಿತು. ಕ್ಷಾರದ ನೀರಿಗೆ ಗಿಡ ಸಾಯುತ್ತದೆಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. "ನೋಡು, ದೇವರು ಒಪ್ಪಿಲ್ಲ," ಎಂದಳು ಅಜ್ಜಿ. "ಅವಳ ಮೈಯಿಂದ ಇಳಿದ ರೋಗ ಅತ್ತೆ ಅದು. ಗಿಡಕ್ಕೆ ಹೋಯ್ತು," ಎಂದಳು ಅಮ್ಮ. ಅಂದು ಅಮ್ಮನ ಮುಖದಲ್ಲಿ ಎಷ್ಟು ಗೆಲುವಿತ್ತೆಂದರೆ ಅಜ್ಜಿಯೂ ಎದ್ದು ಬಂದು ಬಾಡಿದ ಗಿಡವನ್ನು ನೋಡಿಹೋದಳು. ಅಂದಿನಿಂದ ನೀರು ಬೇಲಿಯ ಮೂಲೆಯ ಹೊಂಗೆಯ ಬುಡಕ್ಕೆ ಹೋಯಿತು.

ಆ ಸೋಪನ್ನು ನಮ್ಮಲ್ಲಿ ಬೇರೆ ಯಾರೂ ಬಳಸಲಿಲ್ಲ. ಒಂದು ಸಂಜೆ ಅಪ್ಪ ಕಾರ್ಖಾನೆಯಿಂದ ಬಂದು ಮರಳು ಹಾಕಿ ಕೈಯ ಗ್ರೀಸು ತಿಕ್ಕುತ್ತಿದ್ದಾಗ ಅಕ್ಕ ಮಂಚದಿಂದಲೇ ತನ್ನ ಬಿಲ್ಲೆಯನ್ನು ಚಾಚಿ, "ಒಂದ್ಸಲ ಹಚ್ಚಿ ನೋಡಿ ಅಪ್ಪ, ಏನು ನೊರೆ ಅಂತೀರಿ," ಎಂದಳು. ಅಪ್ಪ ಒದ್ದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಪಕ್ಕದ ಮನೆಯ ಕಾಮಾಕ್ಷಮ್ಮ ತಮಿಳು ಬೆರೆತ ಕನ್ನಡದಲ್ಲಿ ಮಾತಾಡುವ, ದಿನಾ ಬಂದು ಅಕ್ಕನ ತಲೆ ಬಾಚಿ ಹೋಗುವ ಹೆಂಗಸು. ತಮ್ಮ ಮಗುವಿನ ಮೈ ಉರಿಗೆ ಒಂದೇ ಒಂದು ತುಂಡು ಕೊಡಿಮ್ಮಾ ಎಂದು ಕೇಳಿದಾಗ ಅಮ್ಮ ಕೊಡಲಿಲ್ಲ. ಹಂಚಿದರೆ ಅಕ್ಕನ ಪಾಲಿಗೆ ಬರುವುದು ಕಡಿಮೆಯಾಗುತ್ತದೆ ಎಂದು ಅವಳಿಗೆ ಭಯ. "ಸೋಪುದಾನೇ, ಚಿನ್ನವಾ?" ಎಂದು ಕಾಮಾಕ್ಷಮ್ಮ ನಕ್ಕರು, ಆಮೇಲೆ ಬರುವುದು ಕಡಿಮೆಯಾಯಿತು. ಅಕ್ಕನ ತಲೆಯನ್ನು ನಾನು ಬಾಚತೊಡಗಿದೆ.

ವರ್ಷ ತಿರುಗಿತು. ಅಕ್ಕನ ಪಾದಗಳು ಊದಿದವು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಬಚ್ಚಲಿಗೆ ಅವಳನ್ನು ಅಮ್ಮ ಒಂದು ಕಡೆ, ನಾನು ಒಂದು ಕಡೆ ಹಿಡಿದು ಕರೆದೊಯ್ದೆವು. ಆಮೇಲೆ ಬಚ್ಚಲು ದೂರವಾಯಿತು. ಮಂಚದ ಪಕ್ಕ ಕೂರಿಸಿ ಚೊಂಬಿನಲ್ಲಿ ನೀರು ಹಾಕಿದೆವು. ಆಮೇಲೆ ಮಲಗಿದಲ್ಲೇ, ಒದ್ದೆ ಬಟ್ಟೆಗೆ ಸೋಪು ಸವರಿ ಒರೆಸಿದೆವು. ನಾನು ಹೊರುತ್ತಿದ್ದ ನೀರು ಒಂದೆರಡು ಬಕೀಟಿನಿಂದ ಅರ್ಧ ಬಕೀಟಿಗೆ, ಅಲ್ಲಿಂದ ಒಂದು ಬೋಗುಣಿಗೆ ಇಳಿಯಿತು. ಭಾರ ಕಡಿಮೆಯಾದದ್ದಕ್ಕೆ ನನಗೆ ಸಂತೋಷವಾಗಿತ್ತು. ನನಗಾಗ ಹತ್ತು ವರ್ಷ. ಆದರೆ ಕಾಯಿ ಮಾತ್ರ ಕಡಿಮೆಯಾಗಲಿಲ್ಲ. ಅಮ್ಮ ಸೋಮವಾರವನ್ನು ಬಿಡಲಿಲ್ಲ, ನೆಂಟರೂ ಬಿಡಲಿಲ್ಲ. ಬಳಸುವ ಮೈ ಒಂದು, ಅದೂ ಕರಗುತ್ತಿತ್ತು. ಅಟ್ಟದ ಮೇಲೆ ಮೊರದ ಪಕ್ಕ ಮೊರ ತುಂಬುತ್ತಿತ್ತು. ಮಲಗಿದಲ್ಲಿಂದ ಅಕ್ಕನಿಗೆ ಕಾಣುತ್ತಿದ್ದುದು ಆ ಅಟ್ಟವೇ. ಒಂದು ದಿನ ಅಮ್ಮ ಹೊರಗಿದ್ದಾಗ ಅವಳು ನನ್ನನ್ನು ಹತ್ತಿರ ಕರೆದಳು. ಉಸಿರಿಗಾಗಿ ನಡುನಡುವೆ ನಿಲ್ಲಿಸಿ ಹೇಳಿದಳು. "ಪುಟ್ಟಿ, ಇಷ್ಟು ಸೋಪು ಮುಗಿಸೋಕೆ ನಾನು ಮುದುಕಿ ಆಗ್ಬೇಕು ಕಣೇ. ಅಮ್ಮಂಗೆ ಸಾಕು ಅಂತ ಹೇಳು." ನಾನು ಹೇಳಿದೆ. ಅಮ್ಮ ಕೋಲು ತಿರುಗಿಸುವುದನ್ನು ನಿಲ್ಲಿಸದೆ, "ಆಗ್ತಾಳೆ. ಮುದುಕೀನೂ ಆಗ್ತಾಳೆ," ಎಂದಳು.

ಒಂದು ಮಧ್ಯಾಹ್ನ ಅಕ್ಕ ದಿಂಬು ಸ್ವಲ್ಪ ಮೇಲೆ ಮಾಡಲು ಹೇಳಿದಳು. ಅಮ್ಮ ಮಾಡಿದಳು. ಇನ್ನೂ ಸ್ವಲ್ಪ ಎಂದಳು. ಅಮ್ಮ ಇನ್ನೊಂದು ದಿಂಬು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ಕೋಟೆಯಿಂದ, ಕುಂಸಿಯಿಂದ ನೆಂಟರು ಬಂದರು. ಮರುದಿನ ಮಧ್ಯಾಹ್ನ ಹೆಂಗಸರು ಹಿತ್ತಲಿನಲ್ಲಿ ಸೀರೆ ಕಟ್ಟಿ ಮರೆಮಾಡಿ ಅಕ್ಕನ ಮೈ ತೊಳೆಯಲು ನಿಂತರು. ಕುಂಸಿಯ ಅತ್ತೆ ಅಟ್ಟದಿಂದ ಒಂದು ಬಿಲ್ಲೆ ತೆಗೆದುಕೊಂಡು ಬಂದು, "ಪಾರ್ವತಿ, ಅವಳ ಸೋಪಲ್ಲೇ ತೊಳ್ಯೋಣಮ್ಮ," ಎಂದಳು. ಅಮ್ಮ ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. "ಬೇಡ. ಬರೀ ನೀರು ಹಾಕಿ," ಎಂದಳು. ಆ ನೀರನ್ನೂ ಹಿಡಿಯಬೇಕೆಂದು ನಾನು ರೂಢಿಯಂತೆ ಬಕೀಟು ತಂದು ಹತ್ತಿರ ಇಟ್ಟೆ. ಅಮ್ಮ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಸಂಜೆಯ ಹೊತ್ತಿಗೆ ಮಣ್ಣು ಮಾಡಿ ಬಂದರು.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಹಿತ್ತಲಿನಿಂದ ಬಟ್ಟೆ ಕುಕ್ಕುವ ಸದ್ದು ಬರುತ್ತಿತ್ತು. ಅಟ್ಟದ ಮೇಲೆ ಮೊರಗಳಿರಲಿಲ್ಲ. ಅಮ್ಮ ಒಗೆಯುವ ಕಲ್ಲಿನ ಪಕ್ಕದಲ್ಲಿ ಅವನ್ನೆಲ್ಲ ಇಟ್ಟುಕೊಂಡು, ಎಷ್ಟೋ ದಿನಗಳಿಂದ ಮೂಲೆಯಲ್ಲಿ ಬಿದ್ದಿದ್ದ ಅಪ್ಪನ ಕಾರ್ಖಾನೆಯ ಅಂಗಿ, ಪ್ಯಾಂಟುಗಳಿಗೆ ಬಿಲ್ಲೆಯ ಮೇಲೆ ಬಿಲ್ಲೆ ತಿಕ್ಕುತ್ತಿದ್ದಳು. ಗ್ರೀಸು ಬಿಟ್ಟು ಕಪ್ಪಾದ ನೊರೆ ಕಲ್ಲಿನಿಂದ ಇಳಿದು ಬೀದಿಯ ಚರಂಡಿಗೆ ಹೋಗುತ್ತಿತ್ತು. ಅಜ್ಜಿ ಹಿತ್ತಲ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. "ಪಾರ್ವತೀ, ಅದು..." ಎಂದು ಅಲ್ಲಿಗೇ ನಿಲ್ಲಿಸಿದಳು.

ಅಮ್ಮ ತಲೆ ಎತ್ತಲಿಲ್ಲ. "ಸೋಪು ಅತ್ತೆ. ಬಟ್ಟೆ ಒಗೆಯೋ ಸೋಪು," ಎಂದಳು.

ಅಜ್ಜಿ ಒಳಗೆ ಹೋದಳು. ಅಮ್ಮ ಹಿಂಡಿ ಪಕ್ಕಕ್ಕೆ ಹಾಕಿದ ಅಂಗಿಗಳನ್ನು ನಾನು ಒಂದೊಂದಾಗಿ ಎತ್ತಿ ಕೊಡವಿ ತಂತಿಯ ಮೇಲೆ ಹರವಿದೆ.