ತುಪ್ಪ ಮೊದಲು ಕರಗಿದ ಕಡೆ

ಮೊನ್ನೆ ತುಮಕೂರಿನ ಅಂಗಡಿಯೊಂದರಲ್ಲಿ ಸೈಂಧವ ಉಪ್ಪಿನ ದೀಪ ಮುಟ್ಟಿ ನೋಡಿದೆ. ಒಳಗಿನ ಬಲ್ಬಿನ ಬಿಸಿ ಬೆರಳಿಗೆ ಹಿತವಾಗಿ ತಾಕಿತು. ಅದರಿಂದ ಮನಸ್ಸಿಗೆ ಎಷ್ಟು ಶಾಂತಿ ಎಂದು ಅಂಗಡಿಯವನು ಹೇಳುತ್ತಲೇ ಇದ್ದ. ನನಗೆ ಕುಣಿಗಲ್ಲಿನ ಒಂದು ಅಡುಗೆಮನೆ ನೆನಪಾಗಿ ನಗು ಬಂತು.

ಆಗ ನಾನು ಭೂವಿಜ್ಞಾನದ ಎಂ.ಎಸ್ಸಿ. ಓದಲು ಗುಬ್ಬಿ ಹತ್ತಿರದ ಕಡಬದಿಂದ ಬಸ್ಸಿನಲ್ಲಿ ತುಮಕೂರಿಗೆ ಓಡಾಡುತ್ತಿದ್ದೆ. ನಮ್ಮ ಸೀಮೆಯ ಕಾಲಡಿಯಲ್ಲಿರುವುದು ಗಟ್ಟಿ ಬಂಡೆ. ನನಗೆ ಸಿಕ್ಕ ಪ್ರಾಜೆಕ್ಟೋ, ಎಂದೋ ಬತ್ತಿದ ಕಡಲಿನ ಉಪ್ಪು ಕೆಸರುಪದರಗಳ ನಡುವೆ ಗುಡ್ಡದಂತೆ ಉಬ್ಬಿಕೊಂಡಿರುವ ದೂರದ ನೆಲದ್ದು. ಅಲ್ಲಿ ಕೊರೆದ ಬಾವಿಯಲ್ಲಿ ಆಳಕ್ಕೆ ಇಳಿದಂತೆ ಬಿಸಿ ಹೇಗೆ ಏರುತ್ತದೆಂದು ಗ್ರಾಫ್ ಬರೆಯಬೇಕಿತ್ತು. ಉಪ್ಪಿನ ಕೆಳಗಿನ ಎರಡು ಚುಕ್ಕಿಗಳು ಇರಬೇಕಾದ್ದಕ್ಕಿಂತ ತಣ್ಣಗಿದ್ದವು. ನೀವಾದರೆ ಏನು ಮಾಡುತ್ತಿದ್ದಿರೋ. ನಾನಂತೂ ಥರ್ಮಾಮೀಟರ್ ಕೆಟ್ಟಿದೆಯೆಂದು ತೀರ್ಪು ಕೊಟ್ಟು, ಅವನ್ನು ಅಳಿಸಿ, ಗೆರೆಯನ್ನು ಅಂದವಾಗಿ ಎಳೆದೆ. ನನ್ನ ಕೈಬರಹದಷ್ಟೇ ಆತ್ಮವಿಶ್ವಾಸವೂ ದುಂಡಗಿತ್ತು.

ವೈವಾಕ್ಕೆ ಎರಡು ದಿನ ಮೊದಲು, ಭಾನುವಾರ, ಪ್ರಾಜೆಕ್ಟಿಗೆ ಮಾರ್ಗದರ್ಶಕಿಯಾಗಿದ್ದ ನಮ್ಮ ಮೇಡಂ ಅವರ ಕುಣಿಗಲ್ಲಿನ ಮನೆಗೆ ಹೋದೆ. ಅವರು ಗ್ರಾಫ್ ನೋಡಿದರು, ಪಕ್ಕದ ಅಳತೆಪಟ್ಟಿಯನ್ನೂ ನೋಡಿದರು.

"ಈ ಎರಡು ಎಲ್ಲೋದ್ವೇ?"

"ತಪ್ಪಿದ್ವು ಮೇಡಂ. ತೆಗ್ದೆ."

"ತಪ್ಪು ಅಂತ ನಿಂಗ್ಯಾರ್ ಹೇಳಿದ್ರು? ಬಾ ಒಳಕ್ಕೆ."

ಒಲೆಯ ಮೇಲೆ ಕಾವಲಿ ಇಟ್ಟರು. ಪಾಠಕ್ಕೆಂದು ಒಂದೇ ಅಳತೆಗೆ ಕೊಯ್ಸಿದ್ದ ಎರಡು ಕಲ್ಲು ತಂದರು, ಒಂದು ಕಲ್ಲುಪ್ಪು, ಇನ್ನೊಂದು ಕೆಸರು ಗಟ್ಟಿಯಾಗಿ ಆದ ಜೇಡಿಕಲ್ಲು. ಎರಡರ ನೆತ್ತಿಗೂ ಚೂರು ಗಟ್ಟಿತುಪ್ಪ ಅಂಟಿಸಿ ಕಾವಲಿಯ ಮೇಲಿಟ್ಟರು. ಉಪ್ಪು ಚಟ್ ಎಂದಾಗ ನಾನು ಹಿಂದಕ್ಕೆ ಹಾರಿದೆ, ಮೇಡಂ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಉಪ್ಪಿನ ಮೇಲಿನ ತುಪ್ಪ ಕರಗಿ ಇಳಿಯಿತು. ಜೇಡಿಕಲ್ಲಿನ ಮೇಲಿನದು ಹಾಗೇ ಕೂತಿತ್ತು.

"ನೋಡ್ದಾ? ಕೆಳಗಿಂದ ಬಂದ ಬಿಸೀನ ಉಪ್ಪು ಬೇಗ ಮೇಲಕ್ಕೆ ದಾಟಿಸ್ಬಿಡ್ತದೆ. ಜೇಡಿಕಲ್ಲು ತಡೀತದೆ. ಅದಕ್ಕೇ ಉಪ್ಪಿನ ಗುಡ್ಡದ ನೆತ್ತಿ ಮೇಲಿನ ಕಲ್ಲು ಬಿಸಿ, ಬುಡದ್ದು ತಣ್ಣಗೆ. ಆ ಬುಡದಲ್ಲಿ ಕಚ್ಚಾ ಎಣ್ಣೆ ಇದ್ರೆ ಸೀದೋಗ್ದೆ ಉಳ್ಕೊಂಡಿರ್ತದೆ. ನೀನು ಅಳ್ಸಿದ್ದು ಆ ತಣ್ಣಗಿನ ಜಾಗಾನೇ ಕಣೇ."

ನನ್ನ ಮುಖ ಕಾವಲಿಗಿಂತ ಬಿಸಿಯಾಯಿತು. ಸಂಜೆ ಮನೆಗೆ ಬಂದವಳೇ ಗ್ರಾಫ್ ಹೊಸದಾಗಿ ಬರೆದೆ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅದೇ ಚುಕ್ಕಿಗಳ ಮೇಲೆ ಪೆನ್ನಿಟ್ಟರು. "ಇಲ್ಲಿ ಥರ್ಮಾಮೀಟರ್ ಕೆಟ್ಟಿತ್ತೇನಮ್ಮ?"

"ನಾನೂ ಹಂಗೇ ಅಂದ್ಕೊಂಡು ಅಳ್ಸಿದ್ದೆ ಸರ್. ಅದು ನನ್ನ ತಪ್ಪು. ಅಳತೆ ಸರಿಯಾಗೇ ಇದೆ," ಎಂದು ಕಾರಣವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೊನೆಯವರೆಗೂ ಕೇಳಿದರು. ಪಾಸಾದೆ.

ಈಗ ನಾನು ಗುಬ್ಬಿಯಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಈ ಪ್ರಯೋಗ ತೋರಿಸುತ್ತೇನೆ. ಹಿಂದಿನ ದಿನ ಮನೆಯಲ್ಲಿ ಗುಟ್ಟಾಗಿ ಮಾಡಿ ನೋಡಿಕೊಂಡೇ ಹೋಗುತ್ತೇನೆ. ಮೊನ್ನೆ ಆ ದೀಪದಂಗಡಿಯಿಂದ ಹೊರಬಂದವಳು ಮೇಡಂಗೆ ಫೋನ್ ಮಾಡಿ ಕೇಳಿದೆ: "ಆವತ್ತು ನೀವು ಎಷ್ಟು ಸಲ ಮೊದ್ಲೇ ಮಾಡಿ ನೋಡಿದ್ರಿ?"

"ಒಂದ್ಸಲಾನೂ ಇಲ್ಲ ಕಣೇ. ಪುಸ್ತಕದಲ್ಲಿ ಓದಿದ್ದೆ ಅಷ್ಟೆ."

"ಕರಗ್ದೇ ಇದ್ದಿದ್ರೆ?"

"ಯಾಕೆ ಕರಗ್ಲಿಲ್ಲ ಅಂತ ಇಬ್ರೂ ಕೂತು ಹುಡುಕ್ತಿದ್ವಿ. ಭಾನುವಾರ ತಾನೆ, ಇನ್ನೇನ್ ಕೆಲ್ಸ ಇತ್ತು?"

ನಿನ್ನೆ ಅದೇ ಪ್ರಯೋಗ ತೋರಿಸಲು, ಮನೆಯಲ್ಲಿ ಮಾಡಿ ನೋಡದೆಯೇ ತರಗತಿಗೆ ಹೋದೆ. ವಿದ್ಯಾರ್ಥಿನಿಯೊಬ್ಬಳು ಊರಿಂದ ತಂದಿದ್ದ ಬಂಡೆಚೂರನ್ನೂ ಮೂರನೆಯದಾಗಿ ಕಾವಲಿಯ ಮೇಲಿಟ್ಟೆ.

"ಇದ್ರಲ್ಲಿ ಏನಾಗತ್ತೆ ಮೇಡಂ?"

"ನಂಗೂ ಗೊತ್ತಿಲ್ಲ," ಎಂದೆ. ಎಲ್ಲರಿಗಿಂತ ಮುಂದೆ ಬಗ್ಗಿ ನೋಡುತ್ತಿದ್ದವಳು ನಾನೇ.