ಹಲ್ಲುಹಲ್ಲು ಅಂಚಿನ ಬಿಳಿ ಪಟ್ಟಿ

ಕತ್ತಲಕ್ಕ ಎಂಬ ಹೆಸರಿಟ್ಟವರು ಆಸ್ಪತ್ರೆಯವರು. ಎಕ್ಸ್-ರೇ ವಿಭಾಗದ ಕತ್ತಲ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನಿಂತು, ಊರಿನವರ ಮುರಿದ ಮೂಳೆಗಳನ್ನೆಲ್ಲ ಔಷಧದ ನೀರಿನಲ್ಲಿ ಅದ್ದಿ ತೆಗೆದವಳು ಅವಳು. ಮುಖ ನೋಡಿದರೆ ಗುರುತು ಸಿಗದವರನ್ನೂ ಪಕ್ಕೆಲುಬು ನೋಡಿ ಹೆಸರು ಹಿಡಿದು ಕರೆಯುತ್ತಾಳೆ ಎಂದು ನರ್ಸುಗಳು ತಮಾಷೆ ಮಾಡುತ್ತಿದ್ದರು. ಕಂಪ್ಯೂಟರ್ ಬಂದು ಆ ಕೋಣೆಗೆ ಬೀಗ ಬಿದ್ದ ದಿನ ಅವಳು ಕೆಂಪು ದೀಪ, ಮೂರು ತೊಟ್ಟಿ, ಗಾಜಿನ ಅಳತೆ ಲೋಟಗಳನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ಬಂದಳು. ಕೇಳಿಯೇ ತಂದೆ ಎನ್ನುತ್ತಾಳೆ. ನಾವೂ ನಂಬಿಬಿಡೋಣ.

ಮನೆ ಎಂದರೆ ಅಣ್ಣನ ಮನೆ. ಅಣ್ಣ ಹೈಸ್ಕೂಲಿನ ಹೆಡ್‌ಮೇಷ್ಟ್ರು. ಐವತ್ತೇಳು ವರ್ಷದ ತಂಗಿಯನ್ನು ಇವತ್ತಿಗೂ ‘ಪುಟ್ಟಿ’ ಎಂದೇ ಗದರುವ ಮನುಷ್ಯ. ಮಹಡಿ ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಒಂದು ಸಾಮಾನಿನ ಕೋಣೆ ಇತ್ತು. ಹಳೆಯ ಛತ್ರಿ, ಒಡೆದ ಕುರ್ಚಿಗಳನ್ನು ಆಚೆ ಎಸೆದು ಕತ್ತಲಕ್ಕ ಅಲ್ಲಿ ತನ್ನ ತೊಟ್ಟಿಗಳನ್ನು ಹೂಡಿದಳು. ಆಸ್ಪತ್ರೆಯ ಹಳೇ ಡಾಕ್ಟರು ಊರು ಬಿಡುವಾಗ ಕೊಟ್ಟುಹೋದ ಪುಟ್ಟ ಸಿನಿಮಾ ಕ್ಯಾಮೆರಾವೊಂದು ಅವಳಲ್ಲಿತ್ತು, ಗಡಿಯಾರದಂತೆ ಕೀಲಿ ಕೊಟ್ಟು ಓಡಿಸುವಂಥದ್ದು. ಕಪ್ಪು ಬಿಳುಪು ಫಿಲ್ಮು ತರಿಸುವುದು, ಬೀದಿಯ ಬೆಕ್ಕು, ಹಾಲಿನವನ ಸೈಕಲ್ಲು, ಅತ್ತಿಗೆಯ ಆಕಳಿಕೆ, ಹೀಗೆ ಕಂಡಕಂಡದ್ದನ್ನು ತೆಗೆಯುವುದು, ಆ ಕೋಣೆಯಲ್ಲೇ ತೊಳೆಯುವುದು, ಅಡುಗೆಮನೆಯ ಉದ್ದಕ್ಕೂ ಬಟ್ಟೆ ಕ್ಲಿಪ್ಪು ಹಾಕಿ ಒಣಗಿಸುವುದು. ಊಟಕ್ಕೆ ಕೂತವರ ತಟ್ಟೆಯ ಮೇಲೆ ಫಿಲ್ಮಿನಿಂದ ನೀರು ತೊಟ್ಟಿಕ್ಕಿದರೆ ಅದಕ್ಕೆ ಅವಳು ಹೊಣೆಯಲ್ಲ.

ಈ ಫಿಲ್ಮಿನ ಗುಟ್ಟು ಒಂದಿಷ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ರಾದ್ಧಾಂತ ತಿಳಿಯುವುದಿಲ್ಲ. ಫಿಲ್ಮಿನ ಅಗಲ ಹೆಬ್ಬೆರಳಿನಷ್ಟು. ಮೊದಲ ಸಲ ಓಡಿದಾಗ ಅದರ ಅರ್ಧ ಅಗಲದಲ್ಲಿ ಮಾತ್ರ ಚಿತ್ರ ಬೀಳುತ್ತದೆ. ಸುರುಳಿಯನ್ನು ಮಗುಚಿ ಹಾಕಿ ಮತ್ತೆ ಓಡಿಸಿದರೆ ಉಳಿದರ್ಧಕ್ಕೆ ಬೀಳುತ್ತದೆ. ತೊಳೆದ ಮೇಲೆ ಉದ್ದಕ್ಕೆ ಸೀಳಿ, ತುದಿಗೆ ತುದಿ ಅಂಟಿಸಿದರೆ ನಾಲ್ಕು ನಿಮಿಷದ ಸಿನಿಮಾ. ಸರಿ. ಆದರೆ ಎರಡು ಸಲ ಓಡಿದ ಫಿಲ್ಮು ತಿರುಗಿ ತನ್ನ ಮೊದಲಿನ ಸುರುಳಿಗೇ ಬಂದು ಏನೂ ಅರಿಯದ ಕೂಸಿನ ಹಾಗೆ ಕೂತಿರುತ್ತದೆ. ಹೊಸದು ಯಾವುದು, ಮುಗಿದದ್ದು ಯಾವುದು, ದೇವರಿಗೂ ಗೊತ್ತಾಗುವುದಿಲ್ಲ. ಅದಕ್ಕೆಂದೇ ಕತ್ತಲಕ್ಕ ಮುಗಿದ ಸುರುಳಿಯ ಡಬ್ಬಿಗೆ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯ ತುಂಡೊಂದನ್ನು ಅಂಟಿಸುತ್ತಿದ್ದಳು. ಅತ್ತಿಗೆಯ ಹೊಲಿಗೆ ಪೆಟ್ಟಿಗೆಯಲ್ಲಿ ಬಟ್ಟೆಯ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸುವ ಕತ್ತರಿಯಿತ್ತು; ಪಟ್ಟಿಯನ್ನು ಅದರಲ್ಲೇ ಕತ್ತರಿಸುತ್ತಿದ್ದಳು. ಕತ್ತಲಲ್ಲೂ ಬೆರಳು ಸವರಿದರೆ ಸಾಕು, ಹಲ್ಲು ತಾಗಿದರೆ ಅದು ಮುಗಿದದ್ದು.

ತಾಪತ್ರಯ ಶುರುವಾದದ್ದು ಹೆಡ್‌ಮೇಷ್ಟ್ರ ನಿವೃತ್ತಿ ಹತ್ತಿರ ಬಂದಾಗ. ಮೂವತ್ತೈದು ವರ್ಷದ ಪಾಠದ ಟಿಪ್ಪಣಿಗಳು ಮೂಟೆಗಟ್ಟಲೆ ಶಾಲೆಯಿಂದ ಮನೆಗೆ ಬರಬೇಕು. ಇಡುವುದೆಲ್ಲಿ? ಅಳತೆ ಟೇಪು ಹಿಡಿದು ಮೆಟ್ಟಿಲ ಕೆಳಗಿನ ಕೋಣೆಯೊಳಗೆ ಅವರು ಓಡಾಡಿದಾಗ ಕತ್ತಲಕ್ಕನ ಎದೆ ಧಸಕ್ಕೆಂದಿತು. ಹಗಲೆಲ್ಲ ಎಲ್ಲರದೂ, ಅವಳದು ಎಂದು ಇದ್ದದ್ದು ಅದೊಂದು ಚೂರು ಕತ್ತಲು. ಅದೂ ಹೋದರೆ ಅಣ್ಣನ ಮನೆಯಲ್ಲಿ ತಾನು ತಂಗಿಯಾಗಿ ಸುಮ್ಮನೆ ಕೂತಿರಬೇಕು, ಅಷ್ಟೇ.

ಸುಮ್ಮನೆ ಕೂರುವ ಜೀವವಲ್ಲ ಅವಳು. ಡಾಕ್ಟರು ಅಣ್ಣನಿಗೆ ಸಕ್ಕರೆ ಮುಟ್ಟಕೂಡದೆಂದು ಅಪ್ಪಣೆ ಮಾಡಿದ್ದರು. ಅತ್ತಿಗೆ ಡಬ್ಬವನ್ನು ಮೇಲಿನ ಅಟ್ಟಣಿಗೆಯಲ್ಲಿ ಬೇಳೆ ಡಬ್ಬಗಳ ಹಿಂದೆ ಬಚ್ಚಿಟ್ಟಿದ್ದರು. ಮಧ್ಯಾಹ್ನ ಅತ್ತಿಗೆ ಮಲಗಿದ ಹೊತ್ತಲ್ಲಿ ಅಡುಗೆಮನೆಯಲ್ಲಿ ಸ್ಟೂಲು ಕಿರುಗುಟ್ಟುವುದನ್ನು ಕತ್ತಲಕ್ಕ ಎಷ್ಟೋ ಸಲ ಕೇಳಿದ್ದಳು. ಒಂದು ರಜಾ ದಿನ ಕ್ಯಾಮೆರಾಕ್ಕೆ ಕೀಲಿ ಕೊಟ್ಟು ಬಾಗಿಲ ಸಂದಿಯಲ್ಲಿ ಕಾದಳು. ಬನಿಯನ್ನು, ಸೊಂಟಕ್ಕೆ ಟವಲು, ಬೆಕ್ಕಿನ ಹೆಜ್ಜೆ. ಸ್ಟೂಲು ಹತ್ತಿದರು, ಡಬ್ಬ ಇಳಿಸಿದರು, ಒಂದು ಚಮಚ, ಎರಡು ಚಮಚ, ಮೂರನೆಯದಕ್ಕೆ ಕಣ್ಣು ಮುಚ್ಚಿದರು. ಕಿಟಕಿಯ ಬಿಸಿಲು ಸರಿಯಾಗಿ ಅವರ ಮೇಲೇ ಬಿದ್ದಿತ್ತು. ಫಿಲ್ಮಿನ ಇನ್ನೊಂದು ಬದಿಗೆ ಪಕ್ಕದ ಮನೆಯ ಬೆಕ್ಕನ್ನು ತುಂಬಿ, ಡಬ್ಬಿಗೆ ಪಟ್ಟಿ ಅಂಟಿಸಿ ಇಟ್ಟಳು. ಸಮಯ ಬಂದಾಗ ತೊಳೆದರಾಯಿತು, ಯುದ್ಧಕ್ಕೆ ಮೊದಲೇ ಮದ್ದು ಖರ್ಚು ಮಾಡುವುದೇಕೆ?

ಆದರೆ ಯುದ್ಧದ ಬದಲು ರಾಜಿಯಾಯಿತು. ಅಣ್ಣನೇ ಮಾತು ತೆಗೆದರು.

“ಪುಟ್ಟಿ, ನನ್ನ ಬೀಳ್ಕೊಡುಗೆ ಸಿನಿಮಾ ತೆಗಿ. ಸರಿಯಾಗಿ ಬಂದ್ರೆ ಕೋಣೆ ನಿಂದು. ಕೆಟ್ಟುಹೋದ್ರೆ ಮರುದಿನವೇ ತೊಟ್ಟಿ ಆಚೆ. ಸರಿಯೋ ಕೆಟ್ಟಿದ್ಯೋ ಅಂತ ಡ್ರಾಯಿಂಗ್ ಮೇಷ್ಟ್ರು ಹೇಳ್ಲಿ. ಅವರಿಗೆ ಚಿತ್ರ ಅಂದ್ರೇನು ಅಂತ ಗೊತ್ತು.”

“ಭಾಷಣ ಕೇಳಿಸಲ್ಲ ಅಣ್ಣ. ಇದು ಮೂಕಿ,” ಎಂದಳು.

“ಹಾಗಾದ್ರೆ ನಾನೂ ನೋಡ್ತೀನಿ,” ಎಂದರು ಅತ್ತಿಗೆ, ಬೀನ್ಸ್ ಮುರಿಯುತ್ತಾ.

ಸಮಾರಂಭ ಶಾಲೆಯ ಅಂಗಳದಲ್ಲಿ, ಬೆಳಗಿನ ಬಿಸಿಲಲ್ಲಿ. ಹೆಡ್‌ಮೇಷ್ಟ್ರು ಕರಿ ಕೋಟು ತೊಟ್ಟು, ಬೆರಳೆತ್ತಿ, ಶಿಸ್ತು ಮತ್ತು ಸಂಯಮದ ಬಗ್ಗೆ ಮುಕ್ಕಾಲು ಗಂಟೆ ಕೊರೆದರು. ಅದರಲ್ಲಿ ಎರಡು ನಿಮಿಷ ಫಿಲ್ಮಿಗೆ ಸಾಕಾಯಿತು. ಸುರುಳಿ ಮಗುಚಿ, ಅಧ್ಯಕ್ಷರು ಗೋಡೆ ಗಡಿಯಾರ ಕೊಟ್ಟದ್ದನ್ನೂ ಎಲ್ಲರೂ ಕೈ ಕುಲುಕಿದ್ದನ್ನೂ ತೆಗೆದಳು. ಪಟ್ಟಿಯಿಲ್ಲದ ಡಬ್ಬಿಯಿಂದ, ಬೆರಳಲ್ಲಿ ಎರಡು ಸಲ ಸವರಿ ನೋಡಿ ತೆಗೆದುಕೊಂಡ ಫಿಲ್ಮು ಅದು. ಅವಳ ಲೆಕ್ಕದಲ್ಲಿ ಎಲ್ಲವೂ ಸುಸೂತ್ರ.

ತೊಳೆಯುವ ದಿನ ಕೋಣೆಯೊಳಗೆ ಚಿಲಕ ಹಾಕಿಕೊಂಡಳು. ಈ ಫಿಲ್ಮಿಗೆ ಮೊದಲ ತೊಟ್ಟಿಯಲ್ಲಿ ಕೆಂಪು ದೀಪವೂ ಆಗದು, ಕುರುಡು ಕತ್ತಲೇ ಬೇಕು. ಹೊತ್ತು ಅಳೆಯಲು ಅವಳ ಗಡಿಯಾರ ಎಂದರೆ ಮಗ್ಗಿ. ಹತ್ತೊಂಬತ್ತರ ಮಗ್ಗಿಯನ್ನು ನಿಧಾನಕ್ಕೆ ಒಂದು ಸಲ ಹೇಳಿದರೆ ಒಂದು ನಿಮಿಷ. ಅಣ್ಣ ಹೊರಗೆ ಪೇಪರು ಓದುತ್ತಿದ್ದಾರೆಂದು ಗೊತ್ತಿದ್ದೇ ಅವಳು ಗಟ್ಟಿಯಾಗಿ ಹೇಳಿದಳು, “ಹತ್ತೊಂಬತ್ತೇಳ್ಲ ನೂರ ಇಪ್ಪತ್ಮೂರು.”

“ನೂರ ಮೂವತ್ಮೂರು,” ಬಾಗಿಲಾಚೆಯಿಂದ ಗುಡುಗು ಬಂತು. “ಈ ವಯಸ್ಸಿಗೂ ಬರಲ್ವಲ್ಲೇ ನಿಂಗೆ.”

ಮುಂದಿನ ನಿಮಿಷವೂ ನೂರ ಇಪ್ಪತ್ಮೂರೇ. ಅದರ ಮುಂದಿನದೂ. ಐದನೇ ಸಲಕ್ಕೆ ಹೆಡ್‌ಮೇಷ್ಟ್ರು ಬಾಗಿಲ ಹೊರಗೆ ನಿಂತು ಇಡೀ ಮಗ್ಗಿಯನ್ನು ತಾವೇ ಹೇಳಿಕೊಡತೊಡಗಿದರು. ಕತ್ತಲಕ್ಕ ಬಾಯಿ ಮುಚ್ಚಿ ಫಿಲ್ಮು ಆಡಿಸುತ್ತಾ ಅವರ ಮಗ್ಗಿಯಲ್ಲೇ ಹೊತ್ತು ಅಳೆದಳು. ಆಮೇಲೆ ಮೊದಲ ಚಿತ್ರವನ್ನು ತಿಂದುಹಾಕುವ ಕಿತ್ತಳೆ ಬಣ್ಣದ ನೀರು, ಅದಾದ ಮೇಲೆ ಬಲ್ಬು ಹಚ್ಚಿ ಉಳಿದದ್ದಕ್ಕೆಲ್ಲ ಬೆಳಕು ತೋರಿಸುವುದು, ಮತ್ತೆ ಔಷಧ, ಮತ್ತೆ ನೀರು.

ಅಡುಗೆಮನೆಯ ತಂತಿಗೆ ನೇತುಹಾಕಿ ಭೂತಗನ್ನಡಿ ಹಿಡಿದಳು. ಅಕ್ಕಿ ಕಾಳಿನಷ್ಟಗಲದ ಚೌಕದಲ್ಲಿ ಅಣ್ಣ ಬೆರಳೆತ್ತಿ ನಿಂತಿದ್ದರು. ಅವರ ಕರಿ ಕೋಟಿನೊಳಗೆ ಟವಲು ಸುತ್ತಿದ ಇನ್ನೊಬ್ಬ ಅಣ್ಣ ಸ್ಟೂಲು ಹತ್ತುತ್ತಿದ್ದರು.

ಅವಳು ಅಲ್ಲೇ ಕುಕ್ಕರಿಸಿದಳು. ಮುಗಿದ ಫಿಲ್ಮನ್ನೇ ಮತ್ತೆ ಓಡಿಸಿಬಿಟ್ಟಿದ್ದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಬ್ಬರ ಮೂಳೆಯ ಮೇಲೆ ಇನ್ನೊಬ್ಬರ ಮೂಳೆ ಕೂರಿಸದ ಕೈ ಇದು. ಬೆರಳುಗಳಿಗೆ ವಯಸ್ಸಾಯಿತು, ಸವರಿದ್ದು ತಿಳಿಯಲಿಲ್ಲ ಎಂದುಕೊಂಡಾಗ ಅವಳಿಗೆ ಕೋಣೆ ಹೋಗುವುದಕ್ಕಿಂತ ಅದೇ ಹೆಚ್ಚು ದುಃಖವಾಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಫಿಲ್ಮನ್ನು ಸುಟ್ಟು, ಔಷಧ ಕೈಕೊಟ್ಟಿತು ಎಂದು ಹೇಳಬಹುದಿತ್ತು. ಹೇಳಿದರೂ ಕೋಣೆ ಹೋಗುತ್ತದೆ, ತೋರಿಸಿದರೂ ಹೋಗುತ್ತದೆ. ಹೋಗುವ ಕೋಣೆ ಪುಕ್ಕಟೆ ಏಕೆ ಹೋಗಬೇಕು? ಮೂಗು ಒರೆಸಿಕೊಂಡು ಫಿಲ್ಮು ಸೀಳಲು ಕೂತಳು.

ಭಾನುವಾರ ಸಂಜೆ ನಡುಮನೆಯ ಗೋಡೆಗೆ ಬಿಳಿ ಹೊದಿಕೆ ಕಟ್ಟಿ, ಕಿಟಕಿ ಮುಚ್ಚಿದರು. ಡ್ರಾಯಿಂಗ್ ಮೇಷ್ಟ್ರು ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಹೆಡ್‌ಮೇಷ್ಟ್ರು ಕಾಲಮೇಲೆ ಕಾಲು ಹಾಕಿಕೊಂಡು, ಅತ್ತಿಗೆ ಬಾಗಿಲ ಬಳಿ. ಕ್ಯಾಮೆರಾದ ಜೊತೆಗೇ ಹಳೇ ಡಾಕ್ಟರು ಕೊಟ್ಟುಹೋಗಿದ್ದ ಪ್ರೊಜೆಕ್ಟರು ಟರ್ರ್ ಎಂದಿತು.

ಹೆಡ್‌ಮೇಷ್ಟ್ರು ಗೋಡೆಯ ಮೇಲೆ ಬೆರಳೆತ್ತಿದರು. ಅವರ ಹೊಟ್ಟೆಯ ಭಾಗದಲ್ಲಿ ಸ್ಟೂಲು ಕಾಣಿಸಿತು. ಸಂಯಮದ ಬಗ್ಗೆ ಬಾಯಿ ಆಡುತ್ತಿದ್ದ ಹಾಗೆಯೇ ಕೋಟಿನೊಳಗಿನವನು ಡಬ್ಬ ಇಳಿಸಿದ. ಒಂದು ಚಮಚ. ಎರಡು ಚಮಚ. ಮೂರನೆಯದಕ್ಕೆ ಕಣ್ಣು ಮುಚ್ಚಿದ. ಅದೇ ಹೊತ್ತಿಗೆ ಕೋಟಿನ ಮೇಲಿದ್ದ ಮುಖ ಸಭೆಯತ್ತ ಕಣ್ಣು ಕೆಕ್ಕರಿಸಿತು.

ಡ್ರಾಯಿಂಗ್ ಮೇಷ್ಟ್ರ ಭುಜ ಕುಲುಕತೊಡಗಿತು. ಎರಡನೇ ಭಾಗದಲ್ಲಿ ಅಧ್ಯಕ್ಷರು ಗಡಿಯಾರ ಕೊಡುವಾಗ ಅವರ ಕಪ್ಪು ತಲೆಗೂದಲಲ್ಲಿ ಬೆಕ್ಕೊಂದು ಕೂತು ಕಾಲು ನೆಕ್ಕಿಕೊಂಡಿತು. ಅಲ್ಲಿಗೆ ಡ್ರಾಯಿಂಗ್ ಮೇಷ್ಟ್ರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು.

ದೀಪ ಹಾಕಿದಾಗ ಹೆಡ್‌ಮೇಷ್ಟ್ರ ಮುಖ ಹರಳೆಣ್ಣೆ ಕುಡಿದಂತಿತ್ತು. “ನೋಡಿದ್ರಾ ಮೇಷ್ಟ್ರೇ. ಬೇಕಂತಲೇ ಮಾಡಿದ್ದು. ಕೆಟ್ಟಿದೆ ಅಂತ ಹೇಳಿ. ನಾಳೆ ಬೆಳಿಗ್ಗೆ ತೊಟ್ಟಿ ಆಚೆ.”

“ಬೇಕಂತ ಮಾಡಿದ್ದಲ್ಲ ಅಣ್ಣ. ಕೈ ತಪ್ಪಿತು,” ಎಂದಳು ಕತ್ತಲಕ್ಕ. ಹುಟ್ಟಿದಂದಿನಿಂದ ಅವಳು ಆಡಿದ ಅಪ್ಪಟ ನಿಜ ಅದೊಂದೇ ಇರಬೇಕು, ಅದನ್ನೇ ಯಾರೂ ನಂಬಲಿಲ್ಲ.

“ಇನ್ನೊಂದ್ಸಲ ಹಾಕಿ ಅಕ್ಕ,” ಎಂದರು ಡ್ರಾಯಿಂಗ್ ಮೇಷ್ಟ್ರು. “ತೀರ್ಪು ಅಂದ್ಮೇಲೆ ಎರಡು ಸಲ ನೋಡ್ಬೇಕಲ್ವಾ.”

ಎರಡನೇ ಸಲ ಕತ್ತಲಕ್ಕ ಕಳ್ಳನನ್ನು ಬಿಟ್ಟು ಭಾಷಣದ ಮುಖ ನೋಡಿದಳು. ಕೊಡದಷ್ಟು ದೊಡ್ಡ ಮುಖ. ದಪ್ಪ ಕರಿ ಕಟ್ಟಿನ ಕನ್ನಡಕ, ಅದರ ಕಾಲಿನ ಸಂದಿಗೆ ಸುತ್ತಿದ ಒಂದು ಬಿಳಿ ಪಟ್ಟಿ. ಅಕ್ಕಿ ಕಾಳಿನಷ್ಟಿದ್ದಾಗ ಕಾಣದ್ದು ಈಗ ಅಂಗೈಯಗಲ ಕಂಡಿತು. ಪಟ್ಟಿಯ ಅಂಚು ಹಲ್ಲುಹಲ್ಲಾಗಿತ್ತು.

ಅವಳು ಪ್ರೊಜೆಕ್ಟರು ನಿಲ್ಲಿಸಿ, ದೀಪ ಹಾಕಿ, ಅಣ್ಣನ ಮುಂದೆ ಹೋಗಿ ಕೈ ಚಾಚಿದಳು.

“ಕನ್ನಡಕ ಕೊಡು.”

“ಯಾಕೆ?”

“ಕೊಡು ಅಂದೆ.”

ಕೊಟ್ಟರು. ಅವಳು ಕಣ್ಣು ಮುಚ್ಚಿಕೊಂಡು ಪಟ್ಟಿಯ ಅಂಚನ್ನು ಬೆರಳಲ್ಲಿ ಸವರಿದಳು. ಬೆರಳಿಗೆ ಏನೂ ಆಗಿರಲಿಲ್ಲ. ಎಷ್ಟು ಹಗುರಾಯಿತೆಂದರೆ ಅವಳಿಗೆ ಅಳು ಬಂದು, ಅದು ಕಣ್ಣಿಗೆ ಬರುವಷ್ಟರಲ್ಲಿ ನಗುವಾಯಿತು.

“ಇದೆಲ್ಲಿ ಸಿಕ್ತು ಅಣ್ಣ?”

ಹೆಡ್‌ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಸಮಾರಂಭದ ಹಿಂದಿನ ದಿನ ಕೋಣೆ ಮತ್ತೊಂದ್ಸಲ ಅಳೀವಾಗ ಕನ್ನಡಕದ ಕಾಲು ಕಳಚ್ಕೊಂಡ್ತು. ಅಲ್ಲೇ ಯಾವ್ದೋ ಡಬ್ಬಿ ಮೇಲೆ ಒಂದ್ತುಂಡು ಇತ್ತಪ್ಪ. ಅದಕ್ಕೇನೀಗ?”

ಅದಕ್ಕೇನು ಎಂಬುದನ್ನು ಕತ್ತಲಕ್ಕ ಎರಡು ಮಾತಿನಲ್ಲಿ ವಿವರಿಸಿದಳು. ಡ್ರಾಯಿಂಗ್ ಮೇಷ್ಟ್ರು ಎದ್ದು ನಿಂತು, ಕೋಟು ಸರಿಮಾಡಿಕೊಂಡು, ಶಾಲೆಯ ಫಲಿತಾಂಶ ಓದುವ ದನಿಯಲ್ಲಿ ಹೇಳಿದರು, “ಎರಡು ಚಿತ್ರವೂ ಸೊಗಸಾಗಿ ಬಂದಿವೆ ಸಾರ್. ಒಂದು ಕೇಳಿದ್ರಿ, ಅಕ್ಕ ಎರಡು ಕೊಟ್ಟಿದ್ದಾರೆ. ಕೋಣೆ ಅವರದ್ದೇ.”

ಟಿಪ್ಪಣಿಯ ಮೂಟೆಗಳು ಹೆಡ್‌ಮೇಷ್ಟ್ರ ಮಂಚದ ಕೆಳಗೇ ಹೋದವು.

ಅತ್ತಿಗೆ ಎದ್ದು ಬಂದು ನಾದಿನಿಯ ಕೈಯಿಂದ ಕನ್ನಡಕ ತೆಗೆದುಕೊಂಡು, ಉಗುರಿನಿಂದ ಪಟ್ಟಿ ಬಿಡಿಸಿ, ಕನ್ನಡಕವನ್ನು ಗಂಡನ ಕೈಗೆ ಎರಡು ತುಂಡಾಗಿಯೇ ಕೊಟ್ಟರು. ಅಡುಗೆಮನೆಗೆ ಹೋಗಿ ಸ್ಟೂಲು ಹತ್ತಿದ ಸದ್ದಾಯಿತು. ಇಣುಕಿದರೆ, ಸಕ್ಕರೆ ಡಬ್ಬದ ಮುಚ್ಚಳದ ಮೇಲೆ ಆ ಪಟ್ಟಿಯನ್ನಿಟ್ಟು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸುತ್ತಿದ್ದರು.

“ಇದೇನ್ರೀ ಅತ್ತಿಗೆ?”

“ಏನಿಲ್ಲಮ್ಮ,” ಎಂದರು ಅತ್ತಿಗೆ. “ಕನ್ನಡಕ ಇಲ್ದೆ ಬಂದ್ರೂ ಕೈಗೆ ಗೊತ್ತಾಗ್ಲಿ ಅಂತ.”